ಒಂದು ದಿನ ಇದೆ, ಒಂದು ದಿನ ಇಲ್ಲ: ಹಳೇ ಗಾಡಿಯ ಕ್ಲಚ್ ನಡುಕ

ಹಳೆಚಕ್ರ

ನಮಸ್ಕಾರ ಎಲ್ಲರಿಗೂ. ತಲೆ ಕೆಟ್ಟು ಬರೀತಿದ್ದೀನಿ, ಉದ್ದ ಆದರೆ ಕ್ಷಮಿಸಿ.

ಗಾಡಿ ಇಪ್ಪತ್ತು ವರ್ಷ ದಾಟಿದ ಡೀಸೆಲ್. ಎಂಜಿನ್ ಉದ್ದಕ್ಕೆ ಕೂತಿದೆ, ಓಡೋದು ಹಿಂದಿನ ಚಕ್ರದಿಂದ, 5 ಗೇರು, ಹೈಡ್ರಾಲಿಕ್ ಕ್ಲಚ್. ಫ್ಲೈವೀಲ್ (ಎಂಜಿನ್ ಹಿಂದೆ ತಿರುಗೋ ಭಾರದ ಚಕ್ರ, ಕ್ಲಚ್ ಪ್ಲೇಟ್ ಕಚ್ಚೋದು ಇದನ್ನೇ) ಹಳೇ ಕಾಲದ ಒಂದೇ ತುಂಡಿನ ಗಟ್ಟಿ ಕಬ್ಬಿಣ. ಕ್ಲಚ್ ಸೆಟ್ (ಪ್ಲೇಟ್, ಅದನ್ನ ಫ್ಲೈವೀಲಿಗೆ ಒತ್ತಿ ಹಿಡಿಯೋ ಪ್ರೆಶರ್ ಪ್ಲೇಟ್, ಆ ಒತ್ತು ಬಿಡಿಸೋ ರಿಲೀಸ್ ಬೇರಿಂಗ್) ಪೂರ್ತಿ ಹಾಕಿಸಿ ಎರಡು ವರ್ಷ ಆಯ್ತು, ಆಮೇಲೆ 22,000 ಕಿ.ಮೀ. ಓಡಿದೆ.

ಬೆಳಿಗ್ಗೆ ಫಸ್ಟ್ ಗೇರ್ ಹಾಕಿ ಪೆಡಲ್ ಬಿಡ್ತಾ ಬಂದರೆ, ಗಾಡಿ ಇನ್ನೇನು ಹೊರಡಬೇಕು ಅನ್ನೋ ಹೊತ್ತಿಗೆ ಇಡೀ ಮೈ ದಡದಡ ನಡುಗುತ್ತೆ. ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣಲ್ಲ, ಡ್ಯಾಶ್‌ಬೋರ್ಡ್ ಮೇಲಿನ ಪೆನ್ನು ಕೆಳಗೆ ಬೀಳುತ್ತೆ. ರಿವರ್ಸಿನಲ್ಲಿ ಇನ್ನೂ ಜೋರು. ನಾಲ್ಕೈದು ಸಲ ನಿಲ್ಲಿಸಿ ಹೊರಡೋ ಹೊತ್ತಿಗೆ ತಾನಾಗೇ ಮಾಯ. ಆಮೇಲೆ ಸಂಜೆವರೆಗೂ ಬೆಣ್ಣೆ. ಮರುದಿನ ಬೆಳಿಗ್ಗೆ ಏನೂ ಇಲ್ಲ. ಅದರ ಮರುದಿನ ಮತ್ತೆ ದಡದಡ.

ಪೆಡಲ್ ಪೂರ್ತಿ ಬಿಟ್ಟ ಮೇಲೆ ನಡುಕ ಇಲ್ಲ. ಓಡುವಾಗ ಗೇರ್ ಬದಲಿಸಿದರೆ ಇಲ್ಲ. ಏರಿನಲ್ಲಿ ಕ್ಲಚ್ ಜಾರೋದೂ ಇಲ್ಲ. ಮೆಕ್ಯಾನಿಕ್ ಹತ್ತಿರ ಎರಡು ಸಲ ತಗೊಂಡು ಹೋದೆ, ಅವರ ಮುಂದೆ ಗಾಡಿ ಪರಮ ಸಾಧು. ಅವರು ಹೇಳಿದ್ದು ಒಂದೇ ಮಾತು: "ಸೆಟ್ ಬದಲಿಸಿಬಿಡಿ." ಎರಡೇ ವರ್ಷದ ಸೆಟ್ ಎಸೆಯೋಕೆ ಮನಸ್ಸು ಬರ್ತಿಲ್ಲ.

ರಬ್ಬರ್‌ಬುಷ್

ಸೆಟ್ ಮುಟ್ಟಬೇಡಿ. ಮೊದಲು ಎಂಜಿನ್ ಮೌಂಟಿಂಗ್, ಗೇರ್‌ಬಾಕ್ಸ್ ಮೌಂಟಿಂಗ್, ಅಂದರೆ ಅವು ಕೂತಿರೋ ರಬ್ಬರ್ ದಿಂಬುಗಳನ್ನ ನೋಡಿ. ರಬ್ಬರ್ ಸೀಳಿದ್ದರೆ ಕ್ಲಚ್ ಹಿಡಿಯುವಾಗ ಎಂಜಿನ್ ಒಂದು ಪಕ್ಕಕ್ಕೆ ವಾಲುತ್ತೆ, ತಿರುಗಿ ಬರುತ್ತೆ, ಮತ್ತೆ ವಾಲುತ್ತೆ. ಗಾಡಿ ನಡುಗಿದ ಹಾಗೇ ಇರುತ್ತೆ. ರಿವರ್ಸಿನಲ್ಲಿ ಎಳೆತ ಎದುರು ದಿಕ್ಕಿಗೆ ಬೀಳೋದರಿಂದ ಅಲ್ಲಿ ಜೋರಾಗೋದು ಸಹಜ.

ಬಾನೆಟ್ ಎತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಒಳಗೆ ಕೂತವರು ಕಾಲುಬ್ರೇಕನ್ನೂ ಗಟ್ಟಿಯಾಗಿ ಒತ್ತಿಕೊಂಡು ಫಸ್ಟ್ ಗೇರಿನಲ್ಲಿ ಕ್ಲಚ್ ಸ್ವಲ್ಪವೇ ಸ್ವಲ್ಪ ಬಿಡಲಿ. ಎಂಜಿನ್ ಎಷ್ಟು ಎದ್ದೇಳುತ್ತೆ ನೋಡಿ. ಆಮೇಲೆ ರಿವರ್ಸಿನಲ್ಲಿ. ನೋಡುವವರು ಪಕ್ಕಕ್ಕೆ ನಿಲ್ಲಬೇಕು, ಗಾಡಿಯ ಮುಂದೆ ಅಥವಾ ಹಿಂದೆ ಅಲ್ಲ. ಇದನ್ನ ದಪ್ಪಕ್ಷರದಲ್ಲಿ ಓದಿಕೊಳ್ಳಿ.

ಮಳೆಗಾಡಿ

ಮಾರಾಯ್ರೆ, ಇದು ಥಂಡಿಯ ಉಪದ್ರ ಅಲ್ವಾ? ರಾತ್ರಿ ಗಾಳಿಯಲ್ಲಿ ನೀರಿನ ಅಂಶ ಇದ್ರೆ ಫ್ಲೈವೀಲಿಗೆ ತೆಳ್ಳಗೆ ತುಕ್ಕು ಕೂತ್ಕೊಳ್ತದೆ. ಪ್ಲೇಟಿನ ಲೈನಿಂಗೂ, ಅಂದ್ರೆ ಫ್ಲೈವೀಲಿಗೆ ಉಜ್ಜುವ ಪದರವೂ, ಸ್ವಲ್ಪ ತೇವ ಹೀರ್ತದೆ. ಬೆಳಿಗ್ಗೆ ಒಂದೆರಡು ಸಲ ನಡುಗಿ, ತುಕ್ಕು ಉಜ್ಜಿ ಹೋದ ಮೇಲೆ ಸರಿ ಆಗ್ತದೆ. ನಮ್ಮ ಗಾಡಿಯಲ್ಲಿ ಮಳೆಗಾಲ ಪೂರ್ತಿ ಉಂಟು, ನಾನು ತಲೆ ಕೆಡಿಸಿಕೊಳ್ಳುವುದೇ ಇಲ್ಲ. ನಿಮ್ಮಲ್ಲಿ ನಡುಗಿದ ದಿನ ಮಳೆ ಇತ್ತಾ?

ಐದನೇಗೇರು

ಇಷ್ಟೆಲ್ಲಾ ಯಾಕೆ ಗುರು. ಹ್ಯಾಂಡ್‌ಬ್ರೇಕ್ ಎಳಿ, ಥರ್ಡ್ ಗೇರ್ ಹಾಕು, ಆಕ್ಸಿಲರೇಟರ್ ಒತ್ತಿ ಕ್ಲಚ್ ಹತ್ತು ಸೆಕೆಂಡ್ ಜಾರಿಸು. ಹೊಗೆ ಬರುತ್ತೆ, ಒಳಗಿರೋ ಕೊಳೆ ಎಲ್ಲ ಸುಟ್ಟು ಹೋಗುತ್ತೆ. ನಾನು ಮಾಡಿದ್ದೀನಿ, ಆರು ತಿಂಗಳು ನೆಮ್ಮದಿ.

ಡಯಲ್‌ಗೇಜ್

ಆರು ತಿಂಗಳ ಮ್ಯಾಲೆ ಏನಾತು ಅದನ್ನೂ ಹೇಳ್ರಲ್ಲ.

ಹಂಗ ಮಾಡ್ಬ್ಯಾಡ್ರಿ. ಹಂಗ ಸುಟ್ರ ಫ್ಲೈವೀಲ್ ಮ್ಯಾಲೆ ಅಲ್ಲಲ್ಲಿ ನೀಲಿ ಕಲೆ ಬೀಳ್ತಾವು. ಆ ಜಾಗದಾಗ ಕಬ್ಬಿಣ ಕಾದು, ತಟ್ಟನೆ ಆರಿ, ಸುತ್ತಲಿನ ಕಬ್ಬಿಣಕ್ಕಿಂತ ಗಟ್ಟಿ ಆಗಿರ್ತೈತಿ. ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗ. ಆಮ್ಯಾಲೆ ನಡುಕ ಖಾಯಂ. ಲೈನಿಂಗ್ ಮ್ಯಾಲಿನ ಮೈ ಸುಟ್ಟು ಗಾಜಿನಂಗ ನುಣುಪಾಗೂದು ಬ್ಯಾರೆ. ಥರ್ಡ್ ಗೇರಿನ ಪರೀಕ್ಷೆ ಕ್ಲಚ್ ಜಾರ್ತೈತೋ ಇಲ್ಲೋ ನೋಡಾಕ, ಅದೂ ಒಂದು ಕ್ಷಣ. ಜಾರಲಿಲ್ಲ ಅಂದ್ರ ಎಂಜಿನ್ ನಿಂತೇ ಹೋಗ್ತೈತಿ. ನಡುಕಕ್ಕ ಅದು ಔಷಧ ಅಲ್ಲ.

ಗ್ರೀಸ್‌ಕೈ

ಮೂವತ್ತು ವರ್ಷ ಈ ಕೆಲಸ ಮಾಡಿ ಈಗ ಕೈ ತೊಳೆದುಕೊಂಡು ಕೂತವನು ನಾನು. ನನ್ನ ಅನುಭವದಲ್ಲಿ ಯಾವಾಗಲೂ ನಡುಗುವ ಗಾಡಿ ಸುಲಭ. ಬಿಚ್ಚಿದರೆ ಕಾರಣ ಕಣ್ಣಿಗೆ ಬೀಳುತ್ತದೆ. ಬಂದು ಹೋಗುವ ನಡುಕ ಹಾಗಲ್ಲ. ಬಿಚ್ಚಿದಾಗ ಎಲ್ಲವೂ ಸುಮಾರಾಗಿ ಸರಿಯಾಗೇ ಕಾಣುತ್ತದೆ. ಆಗ ಮೆಕ್ಯಾನಿಕ್ ಹೊಸ ಸೆಟ್ ಹಾಕಿ ಕಳಿಸುತ್ತಾನೆ, ಆರು ತಿಂಗಳಿಗೆ ಅದೂ ನಡುಗುತ್ತದೆ. ನಾನೂ ಹಾಗೆ ಕಳಿಸಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಬಂದು ಹೋಗುತ್ತಿದೆ ಅಂದರೆ ಗಾಡಿಯಲ್ಲಿ ಏನೋ ಒಂದು ದಿನದಿಂದ ದಿನಕ್ಕೆ ಬದಲಾಗುತ್ತಿದೆ. ಪ್ಲೇಟ್ ರಾತ್ರೋರಾತ್ರಿ ಸೊಟ್ಟಗಾಗಿ ಬೆಳಿಗ್ಗೆ ನೆಟ್ಟಗಾಗುವುದಿಲ್ಲ. ಪ್ರೆಶರ್ ಪ್ಲೇಟಿನ ಬೆರಳುಗಳು, ಅಂದರೆ ಪೆಡಲ್ ಒತ್ತಿದಾಗ ಒಳಗೆ ಸರಿಯುವ ಪಟ್ಟಿಗಳು, ಒಂದು ದಿನ ಸಮ, ಒಂದು ದಿನ ಮೇಲೆ ಕೆಳಗೆ ಆಗುವುದಿಲ್ಲ. ಬದಲಾಗುವುದು ತೇವ, ಬಿಸಿ, ಎಣ್ಣೆ, ರಬ್ಬರು, ಐಡ್ಲಿಂಗ್, ಇಂಥವು. ಹಾಗಾಗಿ ಸ್ಪ್ಯಾನರ್ ಒಳಗಿಡಿ, ನೋಟ್‌ಬುಕ್ ತೆಗೆಯಿರಿ.

ಎರಡು ವಾರ ಬರೆಯಿರಿ. ನಡುಗಿತೇ, ಎಷ್ಟು ಸಲ, ಯಾವ ಗೇರು. ಎಂಜಿನ್ ತಣ್ಣಗಿತ್ತೋ ಬಿಸಿಯೋ. ಮಳೆ, ಇಬ್ಬನಿ, ಒಣಹವೆ. ಹಿಂದಿನ ದಿನ ಎಷ್ಟು ದೂರ ಓಡಿತು. ಎ.ಸಿ. ಹಾಕಿತ್ತೇ. ವಾಸನೆ ಏನಾದರೂ ಬಂತೇ. ಗಾಡಿ ಎಲ್ಲಿ, ಹೇಗೆ ನಿಂತಿತ್ತು. ನಡುಗದ ದಿನವನ್ನೂ ಬರೆಯಬೇಕು. ಜನ ಅದನ್ನೇ ಬಿಟ್ಟುಬಿಡುತ್ತಾರೆ, ಉತ್ತರ ಎಷ್ಟೋ ಸಲ ಅಲ್ಲೇ ಇರುತ್ತದೆ.

ಡಯಲ್‌ಗೇಜ್

ಮೇಷ್ಟ್ರು ಹೇಳಿದ್ದರ ಜೊತಿಗೆ ಇನ್ನೊಂದು. ನಡುಕ ಎಣಿಸ್ರಿ.

ಕ್ಲಚ್ ನಡುಕ ಎರಡು ಥರ. ಒಂದು ಆಕಾರದ್ದು: ಫ್ಲೈವೀಲ್ ಮೈ ಓರೆ, ಪ್ಲೇಟ್ ಸೊಟ್ಟ, ಬೆರಳು ಮ್ಯಾಲೆ ಕೆಳಗ, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎರಡನ್ನೂ ನೇರ ಹಿಡಿಯೂ ಡೋವೆಲ್ ಪಿನ್ ಬಿಟ್ಟು ಕೂಡ್ರಿಸ್ಯಾರ, ಇಂಥಾವು. ಇದು ತಿರುಗೂ ವೇಗದ ಮ್ಯಾಲೆ ನಿಂತಿರ್ತೈತಿ. 800 ಆರ್‌ಪಿಎಂ ಅಂದ್ರ ಸೆಕೆಂಡಿಗೆ 13 ಸುತ್ತು, 1,200 ಅಂದ್ರ 20. ಆಕಾರದ ತಪ್ಪಿದ್ರ ಆಕ್ಸಿಲರೇಟರ್ ಏರಿಸಿದಂಗ ನಡುಕ ಚುರುಕ್ ಆಗ್ತೈತಿ.

ಇನ್ನೊಂದು ಹಿಡಿತದ್ದು. ಒದ್ದೆ ಬೆರಳಿನಿಂದ ಗಾಜು ಉಜ್ಜಿದ್ರ ಕೀಚ್ ಕೀಚ್ ಅಂತೈತಿ ನೋಡ್ರಿ, ಹಿಡಿತೈತಿ ಬಿಡ್ತೈತಿ, ಹಿಡಿತೈತಿ ಬಿಡ್ತೈತಿ. ಲೈನಿಂಗ್ ಮ್ಯಾಲೆ ಎಣ್ಣಿ, ಗ್ರೀಸು, ತೇವ, ಸುಟ್ಟ ಪದರ ಇದ್ರ ಜಾರೂದು ಕಡಿಮಿ ಆದಂಗ ಹಿಡಿತ ತಟ್ಟನೆ ಏರ್ತೈತಿ. ಆವಾಗ ಹಿಂದಿನ ಚಕ್ರಕ್ಕ ಎಳೆತ ಒಯ್ಯೂ ಪ್ರೊಪೆಲ್ಲರ್ ಶಾಫ್ಟ್, ಆಕ್ಸಲ್, ಟೈರ್ ಎಲ್ಲಾ ಕೂಡಿ ಒಂದು ಸ್ಪ್ರಿಂಗ್ ಆಗಿ ತನ್ನದೇ ತಾಳಕ್ಕ ಅಲ್ಲಾಡ್ತಾವು. ಆ ತಾಳ ಸಾಮಾನ್ಯವಾಗಿ ಸೆಕೆಂಡಿಗೆ ಹತ್ತರ ಆಸುಪಾಸು. ಎಂಜಿನ್ 800 ಇರ್ಲಿ 1,200 ಇರ್ಲಿ, ಅದು ಹೆಚ್ಚೂಕಮ್ಮಿ ಅಷ್ಟೇ.

ಸಮನಾದ ಜಾಗದಾಗ ಒಮ್ಮೆ ಐಡ್ಲಿಂಗಿನಾಗ, ಒಮ್ಮೆ 1,200ರಾಗ ಸಾವಕಾಶ ಹೊರಡ್ರಿ. ಫೋನ್ ಸೀಟಿನ ಮ್ಯಾಲಿಟ್ಟು ಸದ್ದು ರೆಕಾರ್ಡ್ ಮಾಡಿ ಆಮ್ಯಾಲೆ ನಿಧಾನಕ್ಕ ಕೇಳ್ರಿ. ಚುರುಕ್ ಆತೋ ಇಲ್ಲೋ ಅಷ್ಟು ಸಾಕು.

ಹಳೆಚಕ್ರ (ನಾಲ್ಕು ದಿನ ಬಿಟ್ಟು)

ಮೌಂಟಿಂಗ್ ನೋಡಿದೆ. ಎಂಜಿನ್ನಿನವು ಗಟ್ಟಿ ಇವೆ. ಗೇರ್‌ಬಾಕ್ಸ್ ಕೆಳಗಿನ ರಬ್ಬರ್ ಎಣ್ಣೆ ಕುಡಿದು ಊದಿಕೊಂಡಿದೆ, ಒಂದು ಕಡೆ ಲೋಹದಿಂದ ಬಿಟ್ಟುಕೊಂಡಿದೆ. ಖುಷಿಯಾಗಿ ಹೊಸದು ಹಾಕಿದೆ. ಎರಡು ದಿನ ಏನೂ ಇಲ್ಲ. ಗೆದ್ದೆ ಅಂದುಕೊಂಡು ಇಲ್ಲಿ ಬರೆಯೋಕೆ ಕೂತಿದ್ದೆ, ಇವತ್ತು ಬೆಳಿಗ್ಗೆ ಮತ್ತೆ ದಡದಡ. ಜೋರು ಸ್ವಲ್ಪ ಕಮ್ಮಿ ಆಗಿದೆ, ನಡುಕ ಅದೇ.

ರಬ್ಬರ್‌ಬುಷ್

ಸರಿ, ಅರ್ಧ ಸೋತೆ. ಮೌಂಟಿಂಗ್ ನಡುಕವನ್ನ ದೊಡ್ಡದು ಮಾಡಿ ತೋರಿಸ್ತಿತ್ತು, ಹುಟ್ಟಿಸ್ತಿರಲಿಲ್ಲ. ಹೇಗಿದ್ದರೂ ಅದು ಹೋಗಬೇಕಾದ ರಬ್ಬರೇ.

ಗ್ರೀಸ್‌ಕೈ

ಅರ್ಧ ಸೋತಿಲ್ಲ, ಒಂದು ಸುಳಿವು ಕೊಟ್ಟಿದ್ದೀರಿ. ಆ ರಬ್ಬರಿಗೆ ಎಣ್ಣೆ ಎಲ್ಲಿಂದ ಬಂತು? ಹಳೆಚಕ್ರ ಅವರೇ, ನೋಟ್‌ಬುಕ್ ನಿಲ್ಲಿಸಬೇಡಿ.

ಹಳೆಚಕ್ರ (ಹನ್ನೊಂದು ದಿನ ಬಿಟ್ಟು)

ಒಟ್ಟು ಹದಿನಾಲ್ಕು ದಿನದ ಲೆಕ್ಕ. ಆರು ದಿನ ನಡುಕ, ಎಂಟು ದಿನ ಇಲ್ಲ.

ಮಳೆ ಬಂದದ್ದು ನಾಲ್ಕು ದಿನ. ಅದರಲ್ಲಿ ಎರಡು ದಿನ ನಡುಗಿತು, ಎರಡು ದಿನ ಇಲ್ಲ. ಒಣಹವೆಯಲ್ಲೂ ನಾಲ್ಕು ದಿನ ನಡುಗಿದೆ. ಮಳೆಗಾಡಿ ಅವರೇ, ನಿಮ್ಮ ತುಕ್ಕು ಇಲ್ಲಿ ಕೂರ್ತಿಲ್ಲ. ಎ.ಸಿ.ಗೂ ಇದಕ್ಕೂ ಸಂಬಂಧ ಇಲ್ಲ. ಒಂದು ದಿನ ಬೆಳಿಗ್ಗೆ ಅಲ್ಲ, ಊಟ ಮುಗಿಸಿ ಮಧ್ಯಾಹ್ನ ತೆಗೆದಾಗ ನಡುಗಿತು, ಬೆಳಿಗ್ಗೆಯೆಲ್ಲಾ ದೂರ ಓಡಿಸಿ ಬಂದು ನಿಲ್ಲಿಸಿದ್ದೆ. ನಡುಗಿ ನಿಂತ ಮೇಲೆ ಒಂದು ಥರ ಕೆಟ್ಟ ವಾಸನೆ ಎರಡು ಸಲ ಬಂತು. ಸುಟ್ಟ ಕ್ಲಚ್ ವಾಸನೆ ನನಗೆ ಗೊತ್ತು, ಇದು ಅದಲ್ಲ.

ಎಣಿಸಿದ್ದೂ ಆಯ್ತು. 800ರಲ್ಲೂ 1,200ರಲ್ಲೂ ತಾಳ ಒಂದೇ. ಸೆಕೆಂಡಿಗೆ ಒಂಬತ್ತೋ ಹತ್ತೋ ಇರಬೇಕು.

ಹೇಗೆ ನಿಂತಿತ್ತು ಅನ್ನೋದು ಬರೆದಿಲ್ಲ, ಅದೆಲ್ಲ ಯಾಕೆ ಅನಿಸಿತು.

ಡಯಲ್‌ಗೇಜ್

ತಾಳ ಒಂದೇ ಅಂದ್ರ ಆಕಾರ ಅಲ್ಲ, ಹಿಡಿತ. ಲೈನಿಂಗ್ ಮ್ಯಾಲೆ ಏನೋ ಬರ್ತೈತಿ, ಹೋಗ್ತೈತಿ.

ಗ್ರೀಸ್‌ಕೈ

"ಅದೆಲ್ಲ ಯಾಕೆ" ಅಂದಿರಲ್ಲ, ಅದೇ ಬೇಕಿತ್ತು ಸ್ವಾಮಿ. ನೆನಪು ಮಾಡಿಕೊಂಡು ಬರೆಯಿರಿ: ಆ ಹದಿನಾಲ್ಕು ರಾತ್ರಿ ಗಾಡಿಯ ಮೂತಿ ಮೇಲಿತ್ತೋ, ಕೆಳಗಿತ್ತೋ, ಸಮ ಇತ್ತೋ?

ಹಳೆಚಕ್ರ

ನೆನಪು ಮಾಡೋದು ಸುಲಭ ಆಯ್ತು, ನನ್ನ ತಮ್ಮನ ದಯೆಯಿಂದ. ಮನೆ ರಸ್ತೆಗಿಂತ ತಗ್ಗಿನಲ್ಲಿದೆ, ಗೇಟಿನಿಂದ ಒಳಕ್ಕೆ ಇಳಿಜಾರು. ಅವನ ಗಾಡಿ ಇಲ್ಲದ ದಿನ ನನ್ನದನ್ನ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ಒಳಗೆ ಬಿಡ್ತೀನಿ. ಅವನಿದ್ದ ದಿನ ನನ್ನದು ಹೊರಗೆ, ಸಮನಾದ ರಸ್ತೆ ಬದಿಯಲ್ಲಿ.

ಅವನನ್ನೇ ಕೇಳಿ ದಿನ ಹೊಂದಿಸಿದೆ. ಮೂತಿ ಕೆಳಗೆ ನಿಂತದ್ದು ಏಳು ಸಲ, ಆ ಮಧ್ಯಾಹ್ನದ್ದೂ ಸೇರಿ. ಅದರಲ್ಲಿ ಆರು ಸಲ ನಡುಕ. ರಸ್ತೆಯಲ್ಲಿ ನಿಂತ ದಿನ ಒಂದು ಸಲವೂ ಇಲ್ಲ. ಬರೆದು ಮುಗಿಸಿ ಐದು ನಿಮಿಷ ಸುಮ್ಮನೆ ಕೂತಿದ್ದೆ.

ಇಳಿಜಾರಿನಲ್ಲಿ ನಿಂತೂ ನಡುಗದ ಆ ಒಂದು ದಿನ? ಹಿಂದಿನ ದಿನ ಗಾಡಿ ಓಡಿದ್ದು ಬರೀ 2 ಕಿ.ಮೀ.

ಗ್ರೀಸ್‌ಕೈ

ಆ ಒಂದು ದಿನವೇ ನನಗೆ ಹೆಚ್ಚು ಇಷ್ಟವಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಕ್ಲಚ್ ಮನೆಗೆ, ಅಂದರೆ ಬೆಲ್ ಹೌಸಿಂಗ್ ಒಳಗೆ, ಎಣ್ಣೆ ಬರಲು ದಾರಿ ಮೂರು. ಮುಂದಿನಿಂದ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಹಿಂದಿನ ಸೀಲ್, ಅಂದರೆ ಎಣ್ಣೆ ತಡೆಯುವ ರಬ್ಬರ್ ಬಳೆ. ಹಿಂದಿನಿಂದ, ಕ್ಲಚ್ಚಿನಿಂದ ಗೇರ್‌ಬಾಕ್ಸಿಗೆ ಹೋಗುವ ಇನ್‌ಪುಟ್ ಶಾಫ್ಟಿನ ಸೀಲ್. ಪೆಡಲಿನ ಒತ್ತಡವನ್ನು ಕ್ಲಚ್ಚಿಗೆ ಮುಟ್ಟಿಸುವ ಸ್ಲೇವ್ ಸಿಲಿಂಡರ್ ಒಳಗೇ ಇರುವ ಗಾಡಿಯಾದರೆ ಅದರ ಹೈಡ್ರಾಲಿಕ್ ಎಣ್ಣೆ. ನಿಮ್ಮದು ಹೊರಗಿರುತ್ತದೆ ಅಂದುಕೊಳ್ಳುತ್ತೇನೆ.

ಮೂತಿ ಕೆಳಗಾದರೆ ಎಂಜಿನ್ ಎಣ್ಣೆ ಮುಂದಕ್ಕೆ ಹರಿದು ಹಿಂದಿನ ಸೀಲಿನಿಂದ ದೂರ ಹೋಗುತ್ತದೆ. ಗೇರ್‌ಬಾಕ್ಸ್ ಎಣ್ಣೆಯೂ ಮುಂದಕ್ಕೇ ಹರಿಯುತ್ತದೆ, ಆದರೆ ಅದರ ಮುಂದೆ ಇರುವುದು ಇನ್‌ಪುಟ್ ಶಾಫ್ಟ್ ಸೀಲ್. 60 ಸೆಂ.ಮೀ. ಉದ್ದದ ಗೇರ್‌ಬಾಕ್ಸ್ 10 ಡಿಗ್ರಿ ವಾಲಿದರೆ ಮುಂದಿನ ತುದಿ ಹಿಂದಿನದಕ್ಕಿಂತ ಸುಮಾರು 10 ಸೆಂ.ಮೀ. ತಗ್ಗು. ಸಮನಾದ ಜಾಗದಲ್ಲಿ ಎಣ್ಣೆಗಿಂತ ಮೇಲಿರುವ ಸೀಲ್ ಅಲ್ಲಿ ರಾತ್ರಿಯೆಲ್ಲಾ ಮುಳುಗಿರಬಹುದು. ಸೀಲಿನ ತುಟಿ ಗಟ್ಟಿಯಾಗಿದ್ದರೆ ಶಾಫ್ಟ್ ಹಿಡಿದು ಹನಿ ಹನಿ ಮುಂದಕ್ಕೆ ಬರುತ್ತದೆ. ಬೆಳಿಗ್ಗೆ ಎಂಜಿನ್ ತಿರುಗಿದ ಕೂಡಲೇ ಆ ಹನಿ ಸಿಡಿದು ಪ್ಲೇಟಿನ ಮೇಲೆ. ನಾಲ್ಕೈದು ಸಲ ಹೊರಟ ಮೇಲೆ ಮೇಲ್ಮೈಯದು ಸುಟ್ಟು ಹೋಗುತ್ತದೆ, ಸಂಜೆವರೆಗೆ ಬೆಣ್ಣೆ.

ಈಗ ಆ ಒಂದು ದಿನ. 2 ಕಿ.ಮೀ. ಓಡಿದ ಗೇರ್‌ಬಾಕ್ಸ್ ಬಿಸಿಯಾಗಿರಲಿಲ್ಲ. ಬಿಸಿಯಾದರೆ ಒಳಗಿನ ಗಾಳಿ ಹಿಗ್ಗುತ್ತದೆ, ಅದು ಹೊರಹೋಗಲೆಂದೇ ಮೇಲೆ ಒಂದು ಬ್ರೀದರ್ ಇರುತ್ತದೆ. ಅದು ಕಟ್ಟಿಕೊಂಡಿದ್ದರೆ ಒತ್ತಡ ಸೀಲಿನ ಮೇಲೆ ಬೀಳುತ್ತದೆ. 30 ಡಿಗ್ರಿಯ ಗಾಳಿ 80ಕ್ಕೆ ಕಾದರೆ ಮುಚ್ಚಿದ ಜಾಗದಲ್ಲಿ ಒತ್ತಡ ನೂರಕ್ಕೆ ಹದಿನಾರು ಪಾಲು ಏರುತ್ತದೆ, ಹಳೇ ಸೀಲಿಗೆ ಅಷ್ಟು ಸಾಕು. ಬಿಸಿ ಎಣ್ಣೆ ತೆಳ್ಳಗೂ ಇರುತ್ತದೆ.

ಗೇರ್‌ಬಾಕ್ಸ್ ಇಳಿಸುವ ಮೊದಲು ಮೂರು ಕೆಲಸ. ಬ್ರೀದರ್ ನೋಡಿ. ಗಾಡಿ ಸಮನಾಗಿ ನಿಂತಾಗ ಲೆವೆಲ್ ಪ್ಲಗ್ ತೆಗೆದು ಎಣ್ಣೆ ಎಷ್ಟಿದೆ ನೋಡಿ. ಬೆಲ್ ಹೌಸಿಂಗ್ ತಳದಲ್ಲಿ ಒಂದು ಸಣ್ಣ ರಂಧ್ರ ಇರುತ್ತದೆ, ಅದರ ಕೆಳಗೆ ಬಿಳಿ ರಟ್ಟು ಇಟ್ಟು ಬಿದ್ದದ್ದನ್ನು ಮೂಸಿ. ಕೊನೆಯ ಸಲ ಗೇರ್ ಆಯಿಲ್ ಹಾಕಿಸಿದ್ದು ಯಾವಾಗ?

ಹಳೆಚಕ್ರ

ನಾಲ್ಕು ತಿಂಗಳ ಹಿಂದೆ. ನಡುಕ ಶುರು ಆದದ್ದೂ ಹೆಚ್ಚೂಕಮ್ಮಿ ಆಗಲೇ. ಅಯ್ಯೋ.

ಐದನೇಗೇರು

ನಾನು ವಾಪಸ್ ತಗೊಂಡೆ ನನ್ನ ಸಲಹೆ 🙏 ಮುಂದೇನು ಬೇಗ ಹೇಳಿ, ನಿದ್ದೆ ಬರ್ತಿಲ್ಲ.

ಹಳೆಚಕ್ರ (ಮೂರು ದಿನ ಬಿಟ್ಟು)

ಭಾನುವಾರ ಪೂರ್ತಿ ಗಾಡಿ ಕೆಳಗೆ ಕಳೆದೆ. ನಾಲ್ಕೂ ಕಡೆ ಸ್ಟ್ಯಾಂಡ್ ಕೊಟ್ಟು ಸಮ ಮಾಡಿಕೊಂಡೇ ಮಲಗಿದ್ದು, ಬರೀ ಜಾಕ್ ಮೇಲೆ ಅಲ್ಲ.

ಮೊದಲು ಬ್ರೀದರ್. ಗೇರ್‌ಬಾಕ್ಸ್ ಮೇಲೆ ಅಣಬೆಯಂಥ ಸಣ್ಣ ಟೋಪಿ, ಅದು ತಿರುಗಬೇಕಂತೆ. ನನ್ನದು ಮಣ್ಣು, ಹಳೇ ಗ್ರೀಸು ಸೇರಿ ಸಿಮೆಂಟಾಗಿತ್ತು. ಬಿಚ್ಚಿ ಊದಿದರೆ ಗಾಳಿ ಹೋಗಲ್ಲ. ಡೀಸೆಲಿನಲ್ಲಿ ನೆನೆಸಿ ತಂತಿ ಹಾಕಿದ ಮೇಲೆ ದಾರಿ ಬಿಟ್ಟಿತು.

ಆಮೇಲೆ ಲೆವೆಲ್ ಪ್ಲಗ್. ಪ್ಲಗ್ ತೆಗೆದರೆ ಎಣ್ಣೆ ತುಟಿಯವರೆಗೆ ಇರಬೇಕು, ಇಲ್ಲಾ ಒಂದೆರಡು ಹನಿ ಬರಬೇಕು, ಅಲ್ವಾ? ನನ್ನ ಮುಖಕ್ಕೇ ಹೊಡೆಯಿತು. ತಾನಾಗಿ ನಿಲ್ಲೋವರೆಗೆ ಹಿಡಿದು ಅಳೆದರೆ 600 ಮಿ.ಲೀ. ಎಣ್ಣೆ ಬದಲಿಸಿದ ದಿನ ನಾನು ಪಕ್ಕದಲ್ಲೇ ನಿಂತಿದ್ದೆ, ಗೇರ್ ಲಿವರ್ ಬಿಚ್ಚಿ ಮೇಲಿನಿಂದ ಡಬ್ಬಿ ಲೆಕ್ಕದಲ್ಲಿ ಸುರಿದರು. ಪ್ಲಗ್ ಯಾರೂ ಮುಟ್ಟಲಿಲ್ಲ. ನಾನೂ ಕೇಳಲಿಲ್ಲ.

ತಳದ ರಂಧ್ರ ಮಣ್ಣಿನಿಂದ ಮುಚ್ಚಿತ್ತು. ಕಡ್ಡಿ ಹಾಕಿದ ತಕ್ಷಣ ಎರಡು ಚಮಚದಷ್ಟು ಕಪ್ಪಗೆ ಇಳಿಯಿತು. ಮೂಸಿದೆ. ಆ ಕೆಟ್ಟ ವಾಸನೆ, ಅದೇ.

ಗ್ರೀಸ್‌ಕೈ

ಗಂಧಕದ ವಾಸನೆ. ಗೇರ್ ಆಯಿಲಿನಲ್ಲಿ ಹಲ್ಲಿನ ಒತ್ತಡ ತಡೆಯಲು ಗಂಧಕದ ಅಂಶ ಬೆರೆಸಿರುತ್ತಾರೆ. ಎಂಜಿನ್ ಎಣ್ಣೆಗೆ ಆ ನಾತ ಇರುವುದಿಲ್ಲ. ಸರಿ, ಕಳ್ಳ ಸಿಕ್ಕ.

ಮಳೆಗಾಡಿ

ಹಾಗಾದ್ರೆ ಲೆವೆಲ್ ಸರಿ ಮಾಡಿ, ಬ್ರೀದರ್ ಬಿಡಿಸಿ, ಗೇರ್‌ಬಾಕ್ಸ್ ಇಳಿಸುವುದು ಬೇಡ ಅಲ್ವಾ? ಸುಮ್ಮನೆ ಎಂತಕ್ಕೆ?

ಡಯಲ್‌ಗೇಜ್

ಲೈನಿಂಗ್ ಸ್ಪಂಜಿನಂಗ ರೀ. ಎಣ್ಣಿ ಒಳಗ ಕುಂತಿರ್ತೈತಿ, ಬಿಸಿ ಆದಾಗ ಮ್ಯಾಲೆ ಬರ್ತೈತಿ. ಇವತ್ತಿಲ್ಲ ನಾಳೆ ಇಳಿಸೂದೇ.

ಗ್ರೀಸ್‌ಕೈ

ಇಬ್ಬರ ಮಾತೂ ಇರಲಿ. ಎರಡು ವಾರ ನೋಡಿ. ಬಂದ ಎಣ್ಣೆ ಕಡಿಮೆಯಿದ್ದು, ಸೀಲ್ ಇನ್ನೂ ಜೀವ ಹಿಡಿದಿದ್ದರೆ ಅಲ್ಲಿಗೇ ಮುಗಿದ ಗಾಡಿಗಳನ್ನು ನೋಡಿದ್ದೇನೆ. ಕಾಯುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ, ಕ್ಲಚ್ ಜಾರಲು ಶುರು ಮಾಡದಿದ್ದರೆ.

ಹಳೆಚಕ್ರ (ಮೂರು ವಾರ ಬಿಟ್ಟು)

ಬೇಕಂತಲೇ ಪ್ರತಿ ರಾತ್ರಿ ಇಳಿಜಾರಿನಲ್ಲೇ ನಿಲ್ಲಿಸಿದೆ. ತಮ್ಮ ಹೊರಗೆ ನಿಲ್ಲಿಸಿ ಮುಖ ಊದಿಸಿಕೊಂಡಿದ್ದ. ಮೂರು ವಾರದಲ್ಲಿ ನಡುಗಿದ್ದು ನಾಲ್ಕು ಸಲ, ಅದೂ ಮೊದಲಿನ ಅರ್ಧ ಜೋರು. ಆದರೆ ರಟ್ಟಿನ ಮೇಲೆ ಹನಿ ಬೀಳೋದು ನಿಂತಿಲ್ಲ. ಬೇರೆ ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಇಳಿಸೋಣ ಅಂತ ತೀರ್ಮಾನ ಮಾಡಿದೆ, ಈ ಸಲ ನಾನೂ ಪಕ್ಕದಲ್ಲಿ ನಿಂತು ಬಾಯಿ ಬಿಟ್ಟು ಕೇಳ್ತೀನಿ. ಏನೇನು ನೋಡಬೇಕು ಹೇಳಿ.

ಡಯಲ್‌ಗೇಜ್

ಬಿಚ್ಚಿದ ಕೂಡ್ಲೆ ಒರೆಸಬ್ಯಾಡ್ರಿ, ಮೊದ್ಲ ಫೋಟೋ ತಗೀರಿ. ಎಣ್ಣಿ ಕಲೆ ಯಾವ ಕಡೆಯಿಂದ ಸಿಡಿದೈತಿ ಅನ್ನೂದು ಒರೆಸಿದ ಮ್ಯಾಲೆ ತಿಳಿಯೂದಿಲ್ಲ.

ಡೋವೆಲ್ ಪಿನ್ ಎರಡೂ ಅದಾವೋ ನೋಡ್ರಿ. ಇನ್‌ಪುಟ್ ಶಾಫ್ಟಿನ ಮೂತಿ ಹಿಡಿಯೂ ಪೈಲಟ್ ಬೇರಿಂಗ್ ಕೈಲೆ ತಿರುಗಿಸ್ರಿ. ಮೈ ಎಷ್ಟು ಓರೆ ಅಂತ ತೋರಿಸೂ ಡಯಲ್ ಗೇಜನ್ನ ಫ್ಲೈವೀಲಿಗೆ ಹಚ್ಚಿ ಒಂದು ಸುತ್ತು ತಿರುಗಿಸ್ರಿ, ತಿರುಗಿಸೂ ಹೊತ್ತಿನಾಗ ಕ್ರ್ಯಾಂಕನ್ನ ಒಂದೇ ಕಡೆ ಒತ್ತಿ ಹಿಡೀಬೇಕು, ಇಲ್ಲಾಂದ್ರ ಕ್ರ್ಯಾಂಕಿನ ಹಿಂದ ಮುಂದಿನ ಆಟನೂ ಸೇರಿ ಸುಳ್ಳು ಅಳತಿ ಬರ್ತೈತಿ. 0.1 ಮಿ.ಮೀ. ಒಳಗಿದ್ರ ಚಿಂತಿಲ್ಲ, ಜಾಸ್ತಿ ಇದ್ರ ನಿಮ್ಮ ಗಾಡಿ ಕೈಪಿಡಿಯಾಗ ಮಿತಿ ನೋಡ್ರಿ.

ಗ್ರೀಸ್‌ಕೈ

ದೂಳನ್ನು ಗಾಳಿ ಹೊಡೆದು ಹಾರಿಸಲು ಬಿಡಬೇಡಿ. ಹಳೇ ಗಾಡಿಯ ಲೈನಿಂಗಿನಲ್ಲಿ ಆಸ್‌ಬೆಸ್ಟಾಸ್ ಇರಬಹುದು, ಶ್ವಾಸಕೋಶಕ್ಕೆ ಅದು ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನೂ ಕಟ್ಟಿ ಹಾಕಿ. ನಾವು ಆಗಿನ ಕಾಲದಲ್ಲಿ ಬಾಯಲ್ಲೇ ಊದುತ್ತಿದ್ದೆವು, ನೆನೆದರೆ ಎದೆ ಝಲ್ಲೆನ್ನುತ್ತದೆ.

ಸೀಲ್ ಬದಲಿಸುವಾಗ ಶಾಫ್ಟಿನ ಮೇಲೆ ಉಗುರು ಆಡಿಸಿ. ಸೀಲಿನ ತುಟಿ ಉಜ್ಜಿ ಉಜ್ಜಿ ಗೆರೆ ಬಿದ್ದಿದ್ದು ಉಗುರಿಗೆ ಸಿಕ್ಕರೆ, ಹೊಸ ಸೀಲನ್ನು ಅದೇ ಜಾಗಕ್ಕೆ ಕೂರಿಸಿದರೆ ಮತ್ತೆ ಸೋರುತ್ತದೆ. ಜಾಗವಿದ್ದರೆ ಒಂದೆರಡು ಮಿ.ಮೀ. ಆಚೀಚೆ ಕೂರಿಸಬೇಕು.

ಹಳೆಚಕ್ರ (ಐದು ದಿನ ಬಿಟ್ಟು)

ಇಳಿಸಿದ್ದಾಯ್ತು.

ಪ್ಲೇಟಿನ ಗೇರ್‌ಬಾಕ್ಸ್ ಕಡೆಯ ಮುಖದಲ್ಲಿ ನಡುವಿನಿಂದ ಅಂಚಿಗೆ ಸೂರ್ಯನ ಕಿರಣದ ಹಾಗೆ ಕಪ್ಪು ಗೆರೆಗಳು. ಫ್ಲೈವೀಲ್ ಕಡೆ ಮುಖ ಒಣಗಿದೆ. ಅಂದರೆ ಬಂದದ್ದು ಹಿಂದಿನಿಂದಲೇ. ಎಂಜಿನ್ನಿನ ಹಿಂದಿನ ಸೀಲ್ ಒಣ ಒಣ. ಇನ್‌ಪುಟ್ ಶಾಫ್ಟ್ ಸೀಲಿನ ತುಟಿ ಪ್ಲಾಸ್ಟಿಕ್ ಆಗಿತ್ತು, ಬಾಗಿಸಿದರೆ ಪಟ್ ಅಂತ ಮುರಿಯಿತು. ಎರಡು ವರ್ಷದ ಹಿಂದೆ ಕ್ಲಚ್ ಹಾಕಿದವರು ಇದನ್ನ ಬದಲಿಸಿಲ್ಲ.

ಡೋವೆಲ್ ಎರಡೂ ಇವೆ. ಪೈಲಟ್ ಬೇರಿಂಗ್ ಒಣಗಿ ಗರಗರ ಅಂತಿತ್ತು. ಫ್ಲೈವೀಲ್ ಓರೆ 0.06. ಆದರೆ ಮೂರು ಕಡೆ ನೀಲಿ ಕಲೆ ಇದೆ. ಅದನ್ನ ಲೇತಿಗೆ ಹಾಕಿ ತೆಗೆಸಲಾ?

ಡಯಲ್‌ಗೇಜ್

ಲೇತ್ ಬ್ಯಾಡ. ನೀಲಿ ಕಲೆ ಗಟ್ಟಿ ಇರ್ತೈತಿ, ಲೇತಿನ ಟೂಲ್ ಅದರ ಮ್ಯಾಲೆ ಜಿಗದು ಮುಂದ ಹೋಗ್ತೈತಿ, ಅಲ್ಲೊಂದು ಉಬ್ಬು ಉಳಿತೈತಿ. ಗ್ರೈಂಡಿಂಗ್ ಮಾಡಸ್ರಿ. ಫ್ಲೈವೀಲಿನಾಗ ಪ್ಲೇಟ್ ಉಜ್ಜೂ ಮೈಗೂ ಪ್ರೆಶರ್ ಪ್ಲೇಟಿನ ಕವರ್ ಕೂಡೂ ಮೈಗೂ ನಡುವೆ ಮೆಟ್ಟಿಲು ಇದ್ರ ಎರಡೂ ಮೈ ಒಂದೇ ಅಳತಿಗೆ ತಗೀಬೇಕು, ಇಲ್ಲಾಂದ್ರ ಪ್ರೆಶರ್ ಪ್ಲೇಟಿನ ಒತ್ತಡ ಬದಲಾಗ್ತೈತಿ.

ಪೈಲಟ್ ಬೇರಿಂಗ್ ಹೋಗಿತ್ತು ಅಂದ್ರ ಶಾಫ್ಟಿನ ಮೂತಿ ಅಲ್ಲಾಡಿ ಸೀಲಿನ ತುಟಿನೂ ತಿಂದಿರಬೇಕು. ನನ್ನ ಅಂದಾಜು ಅಷ್ಟ.

ರಬ್ಬರ್‌ಬುಷ್

ಪ್ಲೇಟನ್ನ ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ ಹಾಕಿದರೆ ಆಗಲ್ವಾ? ಎರಡೇ ವರ್ಷದ್ದು ಅಂತೀರಿ.

ಗ್ರೀಸ್‌ಕೈ

ಆಗುವುದಿಲ್ಲ. ತೊಳೆದಾಗ ಹೊಸದರಂತೆ ಕಾಣುತ್ತದೆ, ಕಾದಾಗ ಒಳಗಿನ ಎಣ್ಣೆ ಬೆವರಿನಂತೆ ಬರುತ್ತದೆ. ಪ್ಲೇಟ್ ಹೊಸದೇ ಹಾಕಿ. ಪ್ರೆಶರ್ ಪ್ಲೇಟಿನ ಮೈ ನುಣುಪಾಗಿದ್ದು, ಬೆರಳುಗಳು ಒಂದೇ ಎತ್ತರದಲ್ಲಿದ್ದರೆ ಅದನ್ನು ಇಟ್ಟುಕೊಳ್ಳಬಹುದು, ಆದರೆ ಗೇರ್‌ಬಾಕ್ಸ್ ಮತ್ತೆ ಇಳಿಸುವ ಕಷ್ಟ ನೆನೆದರೆ ನಾನು ಇಟ್ಟುಕೊಳ್ಳುವವನಲ್ಲ.

ಜೋಡಿಸುವಾಗ ನಿಂತು ನೋಡಬೇಕಾದ್ದು. ಹೊಸ ಪ್ರೆಶರ್ ಪ್ಲೇಟಿಗೆ ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿರುತ್ತಾರೆ, ಅದನ್ನು ಕ್ಲೀನರ್‌ನಿಂದ ಒರೆಸಬೇಕು. ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ಬೆಂಕಿಕಡ್ಡಿ ತಲೆಯಷ್ಟು, ಪ್ಲೇಟ್ ಹಾಕಿ ಆಡಿಸಿ ತೆಗೆದು ಮಿಕ್ಕಿದ್ದನ್ನು ಒರೆಸಿ. ಪ್ರೆಶರ್ ಪ್ಲೇಟಿನ ಕವರ್ ಬೋಲ್ಟ್‌ಗಳನ್ನು ಎದುರು ಬದುರಾಗಿ, ಅರ್ಧರ್ಧ ಸುತ್ತು ಬಿಗಿಯಬೇಕು. ಇನ್ನು ಎಲ್ಲಕ್ಕಿಂತ ಮುಖ್ಯ, ಗೇರ್‌ಬಾಕ್ಸ್ ಒಳಗೆ ತೂರಿಸಿ ಅರ್ಧಕ್ಕೆ ಬಿಟ್ಟು ಚಹಾ ಕುಡಿಯಲು ಹೋಗಬಾರದು. ಅದರ ಭಾರವೆಲ್ಲ ಪ್ಲೇಟಿನ ನಡುವಿಗೆ ಬೀಳುತ್ತದೆ, ಪ್ಲೇಟ್ ಬಾಗುತ್ತದೆ, ಹೊಸ ಕ್ಲಚ್ ಮೊದಲ ದಿನದಿಂದಲೇ ನಡುಗುತ್ತದೆ.

ಹಳೆಚಕ್ರ (ಒಂದು ತಿಂಗಳು ಬಿಟ್ಟು)

ಸೀಲ್, ಪೈಲಟ್ ಬೇರಿಂಗ್, ರಿಲೀಸ್ ಬೇರಿಂಗ್, ಪ್ಲೇಟ್, ಪ್ರೆಶರ್ ಪ್ಲೇಟ್ ಎಲ್ಲ ಹೊಸದು. ಶಾಫ್ಟಿನ ಮೇಲೆ ಗೆರೆ ಉಗುರಿಗೆ ಸಿಕ್ಕಿತು, ಸೀಲನ್ನ 2 ಮಿ.ಮೀ. ಒಳಗೆ ಕೂರಿಸಿದರು. ಎಣ್ಣೆ ಪ್ಲಗ್ಗಿನ ತುಟಿಯವರೆಗೆ ಮಾತ್ರ, ನಾನೇ ಬೆರಳು ಹಾಕಿ ನೋಡಿದೆ.

ಮೊದಲ ಎರಡು ದಿನ ಸಣ್ಣಗೆ ನಡುಗಿ ಜೀವ ಬಾಯಿಗೆ ಬಂತು. ಮೇಷ್ಟ್ರಿಗೆ ಕೇಳಿದ್ದಕ್ಕೆ ಹೊಸ ಮೈ ಎರಡೂ ಕೂರೋವರೆಗೆ ಹಾಗೇ, 500ರಿಂದ 800 ಕಿ.ಮೀ. ನಯವಾಗಿ ಓಡಿಸಿ ಅಂದರು. ಮೂರನೇ ದಿನದಿಂದ ಏನೂ ಇಲ್ಲ. ಒಂದು ತಿಂಗಳು, 1,100 ಕಿ.ಮೀ., ಪ್ರತಿ ರಾತ್ರಿ ಮೂತಿ ಕೆಳಗೆ. ರಟ್ಟು ಬಿಳಿಯಾಗೇ ಇದೆ.

ಐದನೇಗೇರು

ನನ್ನದು ಫ್ರಂಟ್ ವೀಲ್ ಡ್ರೈವ್, ಡ್ಯುಯಲ್ ಮಾಸ್ ಫ್ಲೈವೀಲ್ (ಎರಡು ತುಂಡಿನದು, ನಡುವೆ ಸ್ಪ್ರಿಂಗ್). ನಡುಕ ಬಿಸಿಯಾದ ಮೇಲೆ ಮಾತ್ರ, ಟ್ರಾಫಿಕ್ಕಿನಲ್ಲಿ. ಬೆಳಿಗ್ಗೆ ಇಲ್ಲ. ಇದಕ್ಕೂ ಇದೇ ಕಾರಣನಾ?

ಗ್ರೀಸ್‌ಕೈ

ನಿಮ್ಮದು ಉಲ್ಟಾ ಕತೆ. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ನಡುಕ ಅಂದರೆ ಮೊದಲು ಸುಟ್ಟ ಮೈ, ಬಿಸಿಗೆ ಬಾಗುವ ಪ್ರೆಶರ್ ಪ್ಲೇಟ್, ಆ ಫ್ಲೈವೀಲಿನ ಒಳಗಿನ ಸ್ಪ್ರಿಂಗ್ ಆಟ, ಇವನ್ನು ಅನುಮಾನಿಸಬೇಕು. ಹತ್ತು ಸೆಕೆಂಡ್ ಜಾರಿಸಿ ಹೊಗೆ ಬರಿಸಿದ್ದು ಇದೇ ಗಾಡಿಯೇ?

ಐದನೇಗೇರು

...ಹೌದು.

ಡಯಲ್‌ಗೇಜ್

ನೋಟ್‌ಬುಕ್ ತಗೀರಿ.